ಮೂರು ತಾಲ್ಲೂಕು, ಒಂದೇ ನಕಾಶೆ
ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜನರಲ್ಲಿ ಮನವಿ



ಗೋಕಾಕ ಪೇಟೆಗೆ ರೈಲಿಲ್ಲ. ಮೂಡಲಗಿಗೆ ರೈಲಿಲ್ಲ. ಹುಕ್ಕೇರಿ ಪಟ್ಟಣಕ್ಕೂ ರೈಲಿಲ್ಲ. ಬೆಂಗಳೂರಿಗೋ ಮಿರಜಕ್ಕೋ ಹೊರಟ ಈ ಮೂರೂ ಊರಿನವರಲ್ಲಿ ಹೆಚ್ಚಿನವರು ಚೀಲ ಹೊತ್ತು ಬಂದು ನಿಲ್ಲುವುದು ಘಟಪ್ರಭಾ ಸ್ಟೇಶನ್ನಿನಲ್ಲಿ. ಅದು ಗೋಕಾಕ ತಾಲ್ಲೂಕಿನ ಸ್ಟೇಶನ್. ಅಲ್ಲಿಂದ ಪೂರ್ವಕ್ಕೆ ಅರಭಾವಿ ಕಡೆ ಸರಿದರೆ ಮೂಡಲಗಿ ತಾಲ್ಲೂಕು, ಪಶ್ಚಿಮಕ್ಕೆ ಹೊರಳಿದರೆ ಹುಕ್ಕೇರಿ ತಾಲ್ಲೂಕು. ಕಾಗದದ ಮೇಲೆ ಮೂರು ತಾಲ್ಲೂಕು, ಮೂವರು ತಹಶೀಲ್ದಾರರು. ನಮ್ಮ ದಿನನಿತ್ಯದ ಓಡಾಟಕ್ಕೆ ಮಾತ್ರ ಇದು ಒಂದೇ ಸೀಮೆ.

ಆ ಸ್ಟೇಶನ್ನಿನ ಸುತ್ತಲಿನ ಜಾಗ ಯಾರ ಕೈಯಲ್ಲಿದೆ, ಒಮ್ಮೆ ಎಣಿಸಿ ನೋಡಿ. ಹಳಿ ಮತ್ತು ನಿಲ್ದಾಣ ನೈಋತ್ಯ ರೈಲ್ವೆಯದು. ಹೊರಗಿನ ಅಂಗಡಿ ಸಾಲು, ಗಟಾರ, ಬೀದಿದೀಪ ಊರಿನ ಸ್ಥಳೀಯ ಸಂಸ್ಥೆಯದು. ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು, ಅದರ ವಿಭಾಗೀಯ ಕಚೇರಿ ಇರುವುದು ಚಿಕ್ಕೋಡಿಯಲ್ಲಿ. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು. ಕಾಲುವೆಯ ದಂಡೆ ನೀರಾವರಿ ನಿಗಮದ್ದು. ಪಕ್ಕದ ಹೊಲದ ಉತಾರ ಕಂದಾಯ ಇಲಾಖೆಯಲ್ಲಿ, ಆ ಹೊಲ ಪ್ಲಾಟ್ ಆದ ಮೇಲೆ ಅದರ ಲೆಕ್ಕ ಪಂಚಾಯಿತಿಯಲ್ಲಿ. ರೈಲಿನ ವೇಳೆ ಬದಲಾದರೆ ಬಸ್ಸಿನ ವೇಳೆ ತಾನಾಗಿ ಬದಲಾಗುವುದಿಲ್ಲ. ಹೊಸ ಬಡಾವಣೆ ಬಂದರೆ ಬಸ್ಸಿನ ದಾರಿ ತಾನಾಗಿ ಅತ್ತ ತಿರುಗುವುದಿಲ್ಲ. ಯಾರೋ ಒಬ್ಬರು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂಡಿಸಿ, ಒಂದೇ ನಕಾಶೆ ಹರವಿ, ‘ಇಲ್ಲಿ ಮನೆ ಬರಲಿ, ಇಲ್ಲಿ ರಸ್ತೆ ಬರಲಿ, ಇಲ್ಲಿ ಬಸ್ ನಿಲ್ಲಲಿ’ ಎಂದು ಕೇಳಬೇಕು. ಆ ಯಾರೋ ಒಬ್ಬರು ನಾವೇ ಆಗಬೇಕಾಗಿದೆ. ಈ ಕರಪತ್ರ ಬರೆದದ್ದು ಅದಕ್ಕಾಗಿ.

ಹೊಲಕ್ಕೆ ಮೊದಲು ಗೂಟ, ಆಮೇಲೆ ರಸ್ತೆ

ನಮ್ಮ ಕಡೆ ಊರು ಬೆಳೆಯುವ ರೀತಿ ನಿಮಗೆಲ್ಲ ಗೊತ್ತಿರುವುದೇ. ರಾಜ್ಯ ಹೆದ್ದಾರಿಯ ಬದಿಗೆ ನಾಲ್ಕು ಎಕರೆ ಹೊಲ ಎನ್‌ಎ (ಕೃಷಿಯೇತರ) ಆಗುತ್ತದೆ. ಕಲ್ಲಿನ ಗೂಟ ನೆಡುತ್ತಾರೆ, ಕಮಾನು ಕಟ್ಟುತ್ತಾರೆ, ಪ್ಲಾಟ್ ಮಾರುತ್ತಾರೆ. ಅದರ ಪಕ್ಕದ ಹೊಲದವರು ಎರಡು ವರ್ಷ ಬಿಟ್ಟು ಅದನ್ನೇ ಮಾಡುತ್ತಾರೆ. ಮೊದಲಿನ ಬಡಾವಣೆಯ ರಸ್ತೆ ಎರಡನೆಯದರ ಗೋಡೆಗೆ ಹೋಗಿ ನಿಲ್ಲುತ್ತದೆ. ಹೀಗಾಗಿ ಪಕ್ಕದ ಮನೆಗೆ ಹೋಗಲೂ ಹೆದ್ದಾರಿಗೆ ಇಳಿದು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾಟಿ, ಮತ್ತೆ ಒಳಗೆ ಹೊಗಬೇಕು. ಮಕ್ಕಳು ಶಾಲೆಗೆ ಹೋಗುವುದೂ ಹಾಗೆಯೇ, ಮುದುಕರು ದವಾಖಾನೆಗೆ ಹೋಗುವುದೂ ಹಾಗೆಯೇ. ಬಸ್ಸು ನಿಲ್ಲಲು ಜಾಗ ಬಿಟ್ಟಿರುವುದಿಲ್ಲ. ಹತ್ತು ವರ್ಷದ ಮೇಲೆ ‘ಬೈಪಾಸ್ ಬೇಕು, ರಸ್ತೆ ಅಗಲ ಮಾಡಿ’ ಎಂದು ಧರಣಿ ಕೂಡುತ್ತೇವೆ. ಅಂಗಿ ಹೊಲಿದ ಮೇಲೆ ಅಳತೆ ತೆಗೆಯಲು ಹೊರಟ ಹಾಗೆ ಇದು.

ಇದಕ್ಕೆ ನಾವು ತೆರುವ ಬೆಲೆ ಸಣ್ಣದಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಸರ್ಕಾರ ಜಮೀನು ತೆಗೆದುಕೊಂಡರೆ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಪರಿಹಾರವನ್ನು ಹೆಚ್ಚುವರಿಯಾಗಿ ಕೊಡಬೇಕು. ರೈತನಿಗೆ ಅದು ಸಲ್ಲಲೇಬೇಕಾದ ಹಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಎಲ್ಲಿ ಹೋಗಬೇಕೆಂದು ಮೊದಲೇ ಗುರುತಿಸಿದ್ದರೆ ಆ ಜಾಗದಲ್ಲಿ ಮನೆಗಳೇ ಏಳುತ್ತಿರಲಿಲ್ಲ. ಮನೆ ಕಟ್ಟಿದವರನ್ನು ಎಬ್ಬಿಸುವ ಪಾಪವೂ ಬರುತ್ತಿರಲಿಲ್ಲ. ಇಂದು ನಕಾಶೆಯ ಮೇಲೆ ಎಳೆದ ಗೆರೆಗೆ ಖರ್ಚು ಕಾಗದದಷ್ಟು, ಹದಿನೈದು ವರ್ಷ ಬಿಟ್ಟು ಅದೇ ಗೆರೆಯನ್ನು ನೆಲದ ಮೇಲೆ ಎಳೆಯಲು ಕೋಟಿಗಳು ಬೇಕು.

ನದಿ ತಾಲ್ಲೂಕಿನ ಗಡಿ ನೋಡುವುದಿಲ್ಲ

2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿಲ್ಲ. ಹಿರಣ್ಯಕೇಶಿ ಬಂತು, ಘಟಪ್ರಭೆ ಬಂತು, ಮಾರ್ಕಂಡೇಯ ಬಂತು. ಲೋಳಸೂರ ಸೇತುವೆ ಮುಳುಗಿತು, ಸಂಕೇಶ್ವರ-ಯರಗಟ್ಟಿ ರಾಜ್ಯ ಹೆದ್ದಾರಿ ಕಡಿದುಹೋಯಿತು. ಗೋಕಾಕದ ಕೆಳಗಿನ ಓಣಿಗಳಿಗೆ ನೀರು ನುಗ್ಗಿತು. 2024ರ ಜುಲೈನಲ್ಲಿ ಅದೇ ಸೇತುವೆ ಮತ್ತೆ ನೀರಿನಡಿ ಹೋಯಿತು. ಶಿಂಗಳಾಪುರ ಸೇತುವೆ, ಚಿಕ್ಕೋಳಿ ಸೇತುವೆ, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಕಡೆಯ ಸೇತುವೆಗಳ ಹೆಸರು ಮಳೆಗಾಲದ ಸುದ್ದಿಯಲ್ಲಿ ಬರುವುದು ನಮಗೆ ರೂಢಿಯಾಗಿಬಿಟ್ಟಿದೆ. ಅದು ರೂಢಿಯಾಗಬಾರದಿತ್ತು.

ಲೋಳಸೂರ ಸೇತುವೆ ಮುಳುಗಿದರೆ ಕಷ್ಟ ಗೋಕಾಕದವರಿಗೆ ಮಾತ್ರವೇ? ಹುಕ್ಕೇರಿ ಕಡೆಯಿಂದ, ಘಟಪ್ರಭಾ ಕಡೆಯಿಂದ ಗೋಕಾಕದ ಪೇಟೆಗೆ, ಕೋರ್ಟಿಗೆ, ಕಾಲೇಜಿಗೆ ಬರುವವರು ಅದನ್ನೇ ದಾಟಬೇಕು. ಗೋಕಾಕದಿಂದ ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮಕ್ಕೆ ರೋಗಿಯನ್ನು ಒಯ್ಯುವವರಿಗೂ ಅದೇ ನೇರ ದಾರಿ. ಸೇತುವೆ ಎತ್ತರಿಸಬೇಕು ಎನ್ನುವುದು ಒಂದು ಬೇಡಿಕೆ, ಅದು ಸರಿ. ಆದರೆ ಅದರಷ್ಟೇ ದೊಡ್ಡ ಇನ್ನೊಂದು ಪ್ರಶ್ನೆ ಇದೆ. ನೀರು ಹರಡಿ ನಿಲ್ಲುವ ತಗ್ಗಿನಲ್ಲಿ ಹೊಸ ಪ್ಲಾಟುಗಳು ಏಕೆ ಬರಬೇಕು? ಸೇತುವೆಯ ಎರಡೂ ಬದಿಯಲ್ಲಿ ಮಣ್ಣು ತುಂಬಿ ರಸ್ತೆ ಎತ್ತರಿಸಿದರೆ ಆ ನೀರು ಯಾರ ಓಣಿಗೆ ಹೊರಳುತ್ತದೆ? ಒಂದು ಕಚೇರಿ ಸೇತುವೆಯ ನಕ್ಷೆ ಮಾಡುವಾಗ ಇನ್ನೊಂದು ಕಚೇರಿ ಅದೇ ತಗ್ಗಿಗೆ ಬಡಾವಣೆಯ ಒಪ್ಪಿಗೆ ಕೊಟ್ಟರೆ ಇಬ್ಬರೂ ತಮ್ಮ ತಮ್ಮ ಫೈಲಿನಲ್ಲಿ ಸರಿಯಾಗಿಯೇ ಇರುತ್ತಾರೆ. ಮುಳುಗುವವರು ನಾವು. 2019ರ ನೀರು ಎಲ್ಲಿಯವರೆಗೆ ಬಂದಿತ್ತು ಎನ್ನುವುದನ್ನು ಪ್ರತಿ ಊರಿನ ಹಿರಿಯರು ಗೋಡೆ ತೋರಿಸಿ ಹೇಳುತ್ತಾರೆ. ಆ ಗೆರೆ ಊರ ನಕಾಶೆಯ ಮೇಲೂ ಬರಬೇಕು, ಅದರ ಕೆಳಗೆ ಹೊಸ ವಸತಿಗೆ ಒಪ್ಪಿಗೆ ನಿಲ್ಲಬೇಕು. ಈಗಾಗಲೇ ಅಲ್ಲಿ ಇರುವವರನ್ನು ಒಕ್ಕಲೆಬ್ಬಿಸಿ ಎಂದು ನಾವು ಹೇಳುತ್ತಿಲ್ಲ. ಬೇರೆ ಕಡೆ ಜಾಗ ಕೊಡುವುದಾದರೆ ಬಸ್ಸಿನ ದಾರಿ ಇರುವ ಕಡೆಯೇ ಕೊಡಿ ಎಂದು ಕೇಳುತ್ತಿದ್ದೇವೆ. ದುಡಿಮೆ ಪೇಟೆಯಲ್ಲಿ, ಮನೆ ಮಾತ್ರ ಯಾರೂ ಹೋಗದ ಗುಡ್ಡದಲ್ಲಿ ಎಂದಾದರೆ ಆ ಮನೆಗೆ ಬೀಗ ಬೀಳುತ್ತದೆ.

ಕಬ್ಬು, ಸಂತೆ, ತೋಟದ ಶಾಲೆ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ರಸ್ತೆಗಳ ಅವತಾರವೇ ಬೇರೆ. ಸಂಕೇಶ್ವರ, ಘಟಪ್ರಭಾ, ಹುಣಶ್ಯಾಳ ಪಿ.ಜಿ. ಹೀಗೆ ಹತ್ತಿರ ಹತ್ತಿರದಲ್ಲೇ ಸಕ್ಕರೆ ಕಾರ್ಖಾನೆಗಳು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಅದರ ಹಿಂದೆ ಚಕ್ಕಡಿ, ಅದರ ಹಿಂದೆ ಕಾಲೇಜಿನ ಮಕ್ಕಳು ತುಂಬಿದ ಬಸ್ಸು, ಸಂದಿನಲ್ಲಿ ತೂರಿ ಬರುವ ಬೈಕು. ರಾತ್ರಿ ಹಿಂದಿನ ದೀಪವಿಲ್ಲದೆ ನಿಂತ ಟ್ರೇಲರಿಗೆ ಬಡಿದು ಹೋದ ಜೀವಗಳ ಸುದ್ದಿ ಪ್ರತಿ ಹಂಗಾಮಿನಲ್ಲೂ ಓದುತ್ತೇವೆ. ಕಬ್ಬು ಹೋಗಬೇಕು, ಅದು ನಮ್ಮ ಅನ್ನ. ಆದರೆ ಅದು ಪೇಟೆಯ ನಡುವೆಯೇ, ಶಾಲೆ ಬಿಡುವ ಹೊತ್ತಿಗೇ ಹೋಗಬೇಕೆಂದು ಯಾರೂ ವಿಧಿ ಬರೆದಿಲ್ಲ. ಕಾರ್ಖಾನೆ, ಪೊಲೀಸ್ ಠಾಣೆ, ಪುರಸಭೆ, ಲೋಕೋಪಯೋಗಿ ಇಲಾಖೆ ಹಂಗಾಮಿಗೆ ಮೊದಲೇ ಕೂತು ಕಬ್ಬಿನ ದಾರಿ ಯಾವುದು, ಗಾಡಿಗಳು ಸರತಿಗೆ ನಿಲ್ಲುವ ಬಯಲು ಯಾವುದು ಎಂದು ತೀರ್ಮಾನಿಸಬಹುದು. ಹೊಸ ಕಾರ್ಖಾನೆಗೆ, ಗೋದಾಮಿಗೆ ಜಾಗ ಕೊಡುವಾಗಲೇ ‘ನಿಮ್ಮ ಗಾಡಿಗಳು ಯಾವ ಊರ ನಡುವೆ ಹಾಯುತ್ತವೆ’ ಎಂದು ಕೇಳಬಹುದು. ಅದನ್ನು ಆಗಲೇ ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕೂತರು. ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಹೇಳುವವರೆಗೂ ಇಡೀ ರಾಜ್ಯದ ಕಣ್ಣು ಆ ಕ್ರಾಸಿನ ಮೇಲಿತ್ತು. ಅಲ್ಲಿಗೆ ಬಂದವರಲ್ಲಿ ಯಾರೂ ‘ನಾನು ಆ ತಾಲ್ಲೂಕಿನವ, ಇದು ನನ್ನದಲ್ಲ’ ಎನ್ನಲಿಲ್ಲ. ದರಕ್ಕಾಗಿ ಒಂದಾದವರು ದಾರಿಗಾಗಿಯೂ ಒಂದಾಗಬಲ್ಲೆವು.

ಇನ್ನು ಬಸ್ಸಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಟಿಕೆಟ್ಟಿನ ಚಿಂತೆ ಇಲ್ಲದೆ ಓಡಾಡುತ್ತಿದ್ದಾರೆ. ಸಂತೆಗೆ, ತವರಿಗೆ, ಕೆಲಸಕ್ಕೆ ಹೋಗುತ್ತಿದ್ದಾರೆ. ಇದು ದೊಡ್ಡ ಬದಲಾವಣೆ. ಆದರೆ ಉಚಿತ ಬಸ್ಸು ಬರುವುದು ಬಸ್ಸು ಬರುವ ಊರಿಗೆ ಮಾತ್ರ. ನಮ್ಮ ಸೀಮೆಯಲ್ಲಿ ಅರ್ಧ ಊರು ಊರಲ್ಲಿಲ್ಲ, ತೋಟದಲ್ಲಿದೆ. ತೋಟಪಟ್ಟಿಯ ಮನೆಗಳು, ತೋಟದ ಶಾಲೆಗಳು, ಕಾಲುವೆ ದಂಡೆಯ ಮಣ್ಣಿನ ದಾರಿ. ಏಳನೆಯ ತರಗತಿಯವರೆಗೆ ತೋಟದ ಶಾಲೆಯಲ್ಲಿ ಓದಿದ ಹುಡುಗಿ ಹೈಸ್ಕೂಲಿಗೆ ಹೋಗಬೇಕಾದರೆ ಮೂರು ನಾಲ್ಕು ಕಿಲೋಮೀಟರು ನಡೆದು ಕ್ರಾಸಿಗೆ ಬಂದು ನಿಲ್ಲಬೇಕು, ಬಸ್ಸು ತುಂಬಿದ್ದರೆ ಟಂಟಂ ಹಿಡಿಯಬೇಕು. ಅವಳ ಓದು ನಿಂತರೆ ಅದರ ಕಾರಣ ಯಾವ ಇಲಾಖೆಯ ದಾಖಲೆಯಲ್ಲೂ ‘ರಸ್ತೆ’ ಎಂದು ಬರೆಯುವುದಿಲ್ಲ. ಹೊಸ ಹೈಸ್ಕೂಲು, ಹಾಸ್ಟೆಲು, ಅಂಗನವಾಡಿ ಎಲ್ಲಿ ಕಟ್ಟಬೇಕೆಂಬ ತೀರ್ಮಾನದಲ್ಲಿ ಬಸ್ ಡಿಪೋದ ವ್ಯವಸ್ಥಾಪಕರೂ ಕೂತಿರಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಗೋಕಾಕ, ಹುಕ್ಕೇರಿ, ಸಂಕೇಶ್ವರ ಮೂರೂ ಡಿಪೋಗಳು ಚಿಕ್ಕೋಡಿ ವಿಭಾಗದವು. ಅವರನ್ನು ಕರೆಯುವುದು ಕಷ್ಟವಲ್ಲ.

ಕಾನೂನು ನಮ್ಮ ಕಡೆ ಇದೆ

ಇದೆಲ್ಲ ಬರೀ ಆಸೆಯ ಮಾತು ಎಂದು ತಿಳಿಯಬೇಡಿ. ಸಂವಿಧಾನದ 243 ಝಡ್‌ಡಿ ವಿಧಿ 1992ರ 74ನೇ ತಿದ್ದುಪಡಿಯಿಂದ ಬಂದದ್ದು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು, ಪಂಚಾಯಿತಿಗಳ ಯೋಜನೆಯನ್ನೂ ಪಟ್ಟಣಗಳ ಯೋಜನೆಯನ್ನೂ ಅದು ಒಂದುಗೂಡಿಸಬೇಕು, ಹಾಗೆ ಮಾಡುವಾಗ ಜಾಗದ ಬಳಕೆ, ನೀರಿನ ಹಂಚಿಕೆ, ರಸ್ತೆಯಂಥ ಮೂಲಸೌಕರ್ಯಗಳನ್ನು ಕೂಡಿಸಿಯೇ ನೋಡಬೇಕು ಎಂದು ಅದು ಹೇಳುತ್ತದೆ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರೇ ಆಗಿರಬೇಕು. ಆದರೆ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯ ಪರವಾಗಿ ಆ ಸಮಿತಿಯಲ್ಲಿ ಕೂರಬೇಕಾದವರ ಕುರ್ಚಿ ಖಾಲಿ ಬಿದ್ದದ್ದನ್ನು ನಾವು ಸುಮ್ಮನೆ ಒಪ್ಪಿಕೊಂಡೆವು. ಇನ್ನು ಒಪ್ಪಬಾರದು.

ಎರಡನೆಯದು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದು ಹೇಳುವ ಮಹಾಯೋಜನೆ ಎಂದರೆ ಯಾವ ಜಾಗದಲ್ಲಿ ವಸತಿ, ಯಾವುದರಲ್ಲಿ ವ್ಯಾಪಾರ, ಯಾವುದು ಬೇಸಾಯಕ್ಕೇ ಉಳಿಯಬೇಕು ಎನ್ನುವುದರ ಜೊತೆಗೆ ರಸ್ತೆಗಳ ಜಾಲವನ್ನೂ ತೋರಿಸುವ ನಕಾಶೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಜನರಿಗೆ ಆಕ್ಷೇಪ ಸಲ್ಲಿಸಲು 60 ದಿನ ಇರುತ್ತದೆ. ಆ 60 ದಿನ ಯಾವಾಗ ಬಂತು, ಯಾವಾಗ ಹೋಯಿತು ಎಂದು ಎಷ್ಟು ಜನರಿಗೆ ತಿಳಿಯುತ್ತದೆ? ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಪ್ರಕಟಣೆ ಸಾಲದು. ಸಂತೆಯ ದಿನ ಡಂಗುರ ಹೊಡೆಸಿ, ನಕಾಶೆಯನ್ನು ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಬೇಕು.

ಬೆಂಗಳೂರಿಗೆ ಈ ವಿಷಯದ ಮಹತ್ವ ಅರ್ಥವಾಗಿದೆ. 2007ರಲ್ಲೇ ರಾಜ್ಯ ಸರ್ಕಾರ ನಗರ ಭೂಸಾರಿಗೆ ನಿರ್ದೇಶನಾಲಯ ತೆರೆಯಿತು. ಬಸ್ಸು, ಮೆಟ್ರೊ, ರೈಲು, ರಸ್ತೆ ಎಲ್ಲರನ್ನೂ ಒಂದೇ ಪ್ರಾಧಿಕಾರದ ಕೆಳಗೆ ಕೂರಿಸಲು 2022ರಲ್ಲಿ ಬೆಂಗಳೂರಿಗಾಗಿ ಒಂದು ಪ್ರತ್ಯೇಕ ಕಾಯ್ದೆಯೇ ಆಯಿತು. ಕೋಟಿ ಜನರ ಊರು ಕಗ್ಗಂಟಾದ ಮೇಲೆ ಬಿಡಿಸಲು ಹೊರಟಿದ್ದಾರೆ. 2011ರ ಜನಗಣತಿಯಲ್ಲಿ ಗೋಕಾಕ ಪಟ್ಟಣದ ಜನಸಂಖ್ಯೆ ಸುಮಾರು 79 ಸಾವಿರ. ಮೂಡಲಗಿ, ಹುಕ್ಕೇರಿ ಅದಕ್ಕಿಂತ ಬಹಳ ಸಣ್ಣವು. ನಮ್ಮದು ಇನ್ನೂ ಗಂಟು ಬೀಳದ ದಾರ. ಬ್ರೆಜಿಲ್ ದೇಶದ ಕುರಿಟಿಬಾ ನಗರ 1966ರಲ್ಲಿ ಯೋಜನೆ ಮಾಡಿ, ಬಸ್ಸಿನ ಮುಖ್ಯ ದಾರಿಗಳ ಗುಂಟವೇ ಎತ್ತರದ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟಿತು. 1974ರಲ್ಲಿ ಆ ದಾರಿಗಳಲ್ಲಿ ಬಸ್ಸಿಗೇ ಮೀಸಲಾದ ರಸ್ತೆ ತೆರೆಯಿತು. ದೊಡ್ಡ ಹಣವಿರಲಿಲ್ಲ, ಜಾಗ ಮತ್ತು ಸಾರಿಗೆಯನ್ನು ಒಟ್ಟಿಗೆ ಯೋಚಿಸುವ ಬುದ್ಧಿ ಇತ್ತು. ಜಗತ್ತಿನ ಎಷ್ಟೋ ನಗರಗಳು ಅದನ್ನು ನೋಡಿ ಕಲಿತಿವೆ.

ಅಷ್ಟು ದೂರ ಏಕೆ? ಹುಕ್ಕೇರಿಯವರನ್ನೇ ಕೇಳಿ. 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ತಾಲ್ಲೂಕಿಗೆ ತಾವೇ ಕರೆಂಟು ಹಂಚಿದವರು ಅವರು. ರಾಜ್ಯದ ಬೇರೆ ಯಾವ ತಾಲ್ಲೂಕಿನಲ್ಲೂ ಇಂಥ ಸಂಘ ಮನೆಮನೆಗೆ ವಿದ್ಯುತ್ ಕೊಡುತ್ತಿಲ್ಲ. ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಾಗ ದುಡಿಯುವವರ ವಸತಿಯೂ ಗಿರಣಿಯ ಬಗಲಿಗೇ ಬಂತು. ನಡೆದು ಕೆಲಸಕ್ಕೆ ಹೋಗುವ ಊರು ಹೇಗಿರುತ್ತದೆ ಎಂದು ಕೊಣ್ಣೂರ, ಫಾಲ್ಸ್ ಕಡೆಯ ಹಳಬರಿಗೆ ಹೇಳಿಕೊಡಬೇಕಾಗಿಲ್ಲ.

‘ಗೆರೆ ಎಳೆದರೆ ನನ್ನ ಹೊಲ ಹೋಗುತ್ತದೆ’

ಈ ಭಯ ಸುಳ್ಳಲ್ಲ. ನಕಾಶೆ ಎಂದರೆ ರೈತರಿಗೆ ಕಸಿದುಕೊಳ್ಳುವ ಕಾಗದವಾಗಿಯೇ ಕಂಡಿದೆ. ಹಿಡಕಲ್ ಜಲಾಶಯಕ್ಕೆ ಊರು ಬಿಟ್ಟುಕೊಟ್ಟ ಕುಟುಂಬಗಳು ಹುಕ್ಕೇರಿ ತಾಲ್ಲೂಕಿನಲ್ಲೇ ಇವೆ. ಅವರ ಮುಂದೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ನಾವು ಹೇಳುವುದು ಇಷ್ಟು: ಗೆರೆ ಹೇಗಿದ್ದರೂ ಎಳೆಯಲ್ಪಡುತ್ತದೆ. ನಾವು ಕೂತಲ್ಲಿ ಎಳೆದರೆ ಎರೆಹೊಲ ಉಳಿಯುತ್ತದೆ, ಕಾಲುವೆ ನೀರು ಹರಿಯುವ ಜಮೀನು ಉಳಿಯುತ್ತದೆ, ಮೊರಂ ನೆಲದ ಮೇಲೆ, ಬಸ್ಸಿನ ದಾರಿಗೆ ಹತ್ತಿರ ಮನೆಗಳು ಬರುತ್ತವೆ. ನಾವಿಲ್ಲದಲ್ಲಿ ಎಳೆದರೆ ಯಾರ ಕೈ ಬಲವೋ ಅವರ ಹೊಲದ ಮುಂದೆ ರಸ್ತೆ ಬರುತ್ತದೆ, ಯಾರಿಗೆ ದನಿ ಇಲ್ಲವೋ ಅವರ ಹೊಲದ ನಡುವೆ ಹಾಯುತ್ತದೆ. ಆದ್ದರಿಂದ ಸಣ್ಣ ಹಿಡುವಳಿದಾರರೇ ಎಲ್ಲರಿಗಿಂತ ಮೊದಲು ಈ ಸಭೆಗಳಿಗೆ ಬರಬೇಕು.

ಗೋಕಾಕ ಜಿಲ್ಲೆಯಾಗಬೇಕೋ, ಚಿಕ್ಕೋಡಿ ಜಿಲ್ಲೆಯಾಗಬೇಕೋ ಎಂಬ ಮಾತು ದಶಕಗಳಿಂದ ಇದೆ. ಅದರಲ್ಲಿ ನಿಮ್ಮ ನಿಲುವು ಏನೇ ಇರಲಿ, ಈ ಕೆಲಸಕ್ಕೆ ಅದು ಅಡ್ಡ ಬರಬೇಕಾಗಿಲ್ಲ. ನಾಳೆ ಗಡಿ ಬದಲಾದರೂ ಘಟಪ್ರಭಾ ಸ್ಟೇಶನ್ ಇದ್ದಲ್ಲೇ ಇರುತ್ತದೆ.

ಈಗ ನೀವು ಮಾಡಬೇಕಾದದ್ದು

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮ ಪಂಚಾಯಿತಿಯ ಮುಂದಿನ ಸಭೆಯ ದಿನವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ತಿಳಿದುಕೊಳ್ಳಿ. ಓಣಿಗೆ ಹತ್ತು ಜನರಾದರೂ ಹೋಗಿ, ಅದರಲ್ಲಿ ಹೆಣ್ಣುಮಕ್ಕಳು ಐವರಾದರೂ ಇರಲಿ, ಏಕೆಂದರೆ ಬಸ್ಸಿಗೆ ಕಾಯುವವರು ಅವರು. ಪಟ್ಟಣದಲ್ಲಿರುವವರು ನಿಮ್ಮ ವಾರ್ಡಿನ ಸದಸ್ಯರ ಮೂಲಕ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆಗೆ ಇದನ್ನು ತರಿಸಿ. ಗೋಕಾಕ, ಕೊಣ್ಣೂರ, ಘಟಪ್ರಭಾ, ಮೂಡಲಗಿ, ಕಲ್ಲೋಳಿ, ನಾಗನೂರ, ಅರಭಾವಿ, ಹುಕ್ಕೇರಿ, ಸಂಕೇಶ್ವರ ಎಲ್ಲ ಕಡೆ ಇದೇ ಠರಾವು, ಇದೇ ಮಾತುಗಳಲ್ಲಿ ಆಗಬೇಕು. ಮಾತು ಒಂದೇ ಆಗಿದ್ದರೆ ಬೆಳಗಾವಿಯ ಜಿಲ್ಲಾ ಕಚೇರಿಯಲ್ಲಿ ಅದನ್ನು ಪಕ್ಕಕ್ಕೆ ಇಡುವುದು ಕಷ್ಟ. ಓದಿ ಹೇಳಬೇಕಾದ ಠರಾವು ಹೀಗಿದೆ:

“ನಮ್ಮ ವ್ಯಾಪ್ತಿಯಲ್ಲಿ ಹೊಸ ಬಡಾವಣೆ, ಶಾಲೆ, ದವಾಖಾನೆ, ಸಂತೆ, ಗೋದಾಮು, ಕಾರ್ಖಾನೆ ಯಾವುದಕ್ಕೇ ಒಪ್ಪಿಗೆ ಕೊಡುವ ಮೊದಲು ಅದಕ್ಕೆ ಬರುವ ರಸ್ತೆ, ಪಕ್ಕದ ಬಡಾವಣೆಗೆ ಅದು ಕೂಡುವ ಜಾಗ, ಬಸ್ ನಿಲ್ಲುವ ಜಾಗ, ಮಳೆನೀರು ಹರಿಯುವ ದಾರಿ ಮತ್ತು 2019ರ ಪ್ರವಾಹದ ಗೆರೆಯನ್ನು ನಕಾಶೆಯಲ್ಲಿ ಗುರುತಿಸಿ ಸಭೆಗೆ ತೋರಿಸಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳು, ಲೋಕೋಪಯೋಗಿ ಇಲಾಖೆ, ರಸ್ತೆ ಸಾರಿಗೆ ಸಂಸ್ಥೆ, ನೀರಾವರಿ ನಿಗಮ, ರೈಲ್ವೆ, ಕಂದಾಯ ಇಲಾಖೆ, ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗಳ ಪ್ರತಿನಿಧಿಗಳು ಮೂರು ತಿಂಗಳಿಗೊಮ್ಮೆ ಜನರ ಎದುರು ಒಟ್ಟಿಗೆ ಸಭೆ ಸೇರಬೇಕು. ಮೂರೂ ತಾಲ್ಲೂಕುಗಳ ಒಂದೇ ಭೂಬಳಕೆ ಮತ್ತು ಸಾರಿಗೆ ನಕಾಶೆಯನ್ನು ಜಿಲ್ಲಾ ಯೋಜನಾ ಸಮಿತಿ ತಯಾರಿಸಬೇಕು. ಅದರ ಮೊದಲ ಕೆಲಸವಾಗಿ ಘಟಪ್ರಭಾ ರೈಲು ನಿಲ್ದಾಣದ ಸುತ್ತಲಿನ ಜಾಗ, ಬಸ್ ಸಂಪರ್ಕ ಮತ್ತು ಲೋಳಸೂರ ದಾರಿಯನ್ನು ಕೈಗೆತ್ತಿಕೊಳ್ಳಬೇಕು.”

ಠರಾವು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಅಲ್ಲೇ ನಿಂತು ನೋಡಿ, ಸಹಿ ಹಾಕಿದ ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಬೇರೊಂದು ಅರ್ಜಿಯಲ್ಲಿ ನಿಮ್ಮ ಊರಿನಲ್ಲಿ ಕಳೆದ ಐದು ವರ್ಷದಲ್ಲಿ ಒಪ್ಪಿಗೆಯಾದ ಬಡಾವಣೆಗಳ ನಕ್ಷೆಗಳನ್ನೂ ಕೇಳಿ. ಠರಾವಿನ ಒಂದು ಪ್ರತಿಯನ್ನು ತಹಶೀಲ್ದಾರರಿಗೆ, ಒಂದನ್ನು ಜಿಲ್ಲಾಧಿಕಾರಿಗಳಿಗೆ, ಒಂದನ್ನು ನಿಮ್ಮ ಶಾಸಕರಿಗೆ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಾಗರಿಕರು